ಎಲ್ಲರ ಯಂತ್ರ, ನಿಮ್ಮ ಖಾತೆ

ಮನೆಯಲ್ಲಿ ಸ್ವಂತ ಗಣಕಯಂತ್ರವನ್ನು ಬಳಸಿ ರೂಢಿಯಾದ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿನ ಗಣಕಶಾಲೆಯಲ್ಲಿ ಮೊದಲ ಸಲ ಕುಳಿತಾಗ ಮೂರು ಸಂಗತಿಗಳು ಅವನಿಗೆ ವಿಚಿತ್ರವಾಗಿ ತೋರಬಹುದು. ಮೊದಲನೆಯದು, ಸಾಲಿನಲ್ಲಿರುವ ಯಾವ ಯಂತ್ರದ ಮುಂದೆ ಕುಳಿತರೂ ಅವನ ಕಡತಗಳೇ ಅವನಿಗೆ ದೊರೆಯುತ್ತವೆ. ಎರಡನೆಯದು, ತನಗೆ ಬೇಕಾದ ಪ್ರೋಗ್ರಾಮೊಂದನ್ನು ಸ್ಥಾಪಿಸಹೊರಟರೆ ಯಂತ್ರವು ಅನುಮತಿಯಿಲ್ಲವೆಂದು ನಿರಾಕರಿಸುತ್ತದೆ. ಮೂರನೆಯದು, ಯಾರೂ ಹೇಳದೆಯೇ ಅದು ಹೊಸ ತಂತ್ರಾಂಶವನ್ನು ಪಡೆದುಕೊಂಡು, ತನ್ನನ್ನು ಮತ್ತೆ ಪ್ರಾರಂಭಿಸಬೇಕೆಂದು ಹಟ ಹಿಡಿಯುತ್ತದೆ.

ಒಂದು ಕಚೇರಿಯ ಮೇಲ್ವಿಚಾರಣೆಯಲ್ಲಿ ನೂರಾರು ಯಂತ್ರಗಳು ಒಂದೇ ನಿಯಮಕ್ಕೆ ಒಳಪಟ್ಟಿರುವ ಈ ವ್ಯವಸ್ಥೆಯಲ್ಲಿನ ಯಂತ್ರವನ್ನು 'ನಿರ್ವಹಿತ ಗಣಕ' ಎಂದು ಕರೆಯೋಣ. ಮೇಲೆ ಹೇಳಿದ ಮೂರು ವೈಚಿತ್ರ್ಯಗಳಿಗೂ ಮೂಲ ಒಂದೇ. ಮನೆಯಲ್ಲಿ ಯಂತ್ರವೂ ನಿಮ್ಮದು, ಅದರೊಳಗಿನ ಬರಹವೂ ನಿಮ್ಮದು. ಇಲ್ಲಿ ಯಂತ್ರವು ಎಲ್ಲರದು, ನಿಮ್ಮದಾಗಿರುವುದು ಖಾತೆಯೊಂದೇ. ಈ ಭೇದವನ್ನು ಅರಿತವನಿಗೆ ಉಳಿದ ನಿಯಮಗಳೆಲ್ಲವೂ ಸಹಜವಾಗಿ ಕಾಣುತ್ತವೆ. ಅರಿಯದವನು ವರ್ಷದ ದುಡಿಮೆಯನ್ನು ಒಂದು ದಿನದಲ್ಲಿ ಕಳೆದುಕೊಳ್ಳಬಹುದು.

ಖಾತೆಯೂ ಗುಪ್ತಪದವೂ

ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳುವ ಸಮಸ್ಯೆ ಹೊಸದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಸಂಕ್ಷೇಪವಾಗಿ ಎಂ.ಐ.ಟಿ.ಯಲ್ಲಿ, ಫರ್ನಾಂಡೊ ಕಾರ್ಬಟೋ ಎಂಬುವರೂ ಅವರ ಸಂಗಡಿಗರೂ ೧೯೬೧ರಲ್ಲಿ ಒಂದು ದೊಡ್ಡ ಗಣಕದ ಕಾಲವನ್ನು ಹಲವರಿಗೆ ಹಂಚಿಕೊಡುವ ವಿಧಾನವನ್ನು ಪ್ರದರ್ಶಿಸಿದರು. ಯಂತ್ರವು ಒಂದೇ ಆದರೂ ಒಬ್ಬನ ಕಡತವನ್ನು ಮತ್ತೊಬ್ಬನು ನೋಡಬಾರದಷ್ಟೆ! ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್, ಅಂದರೆ ಗುಪ್ತಪದ, ಅವಶ್ಯವಾಯಿತು. ಆದರೆ ೧೯೬೬ರಲ್ಲಿ ಎರಡು ಕಡತಗಳು ಅದಲುಬದಲಾದ ಕಾರಣ, ಅಂದು ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ದಿನದ ಪ್ರಕಟಣೆಗೆ ಬದಲಾಗಿ ಸಕಲರ ಗುಪ್ತಪದಗಳ ಪಟ್ಟಿಯೇ ಅಚ್ಚಾಗಿ ಬಂದಿತು.

ಗುಪ್ತಪದಗಳನ್ನು ಇದ್ದಂತೆಯೇ ಬರೆದಿಡುವುದು ಅಪಾಯಕರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ ಎಂಬುವರು ೧೯೭೯ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ಪರಿಹಾರವನ್ನು ವಿವರಿಸಿದರು. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು. ಹಿಟ್ಟಿನಿಂದ ರಾಗಿಯನ್ನು ಮರಳಿ ಪಡೆಯಲಾಗದು. ಹಾಗೆಯೇ ಗುಪ್ತಪದವನ್ನು ಒಂದು ಗಣಿತವಿಧಾನದಿಂದ 'ಬೀಸಿ', ಬಂದ ಫಲವನ್ನು ಮಾತ್ರ ದಾಖಲೆಯಲ್ಲಿ ಇಡುತ್ತಾರೆ. ನೀವು ಮತ್ತೆ ಬಂದು ಗುಪ್ತಪದವನ್ನು ಟೈಪ್ ಮಾಡಿದಾಗ ಅದನ್ನೂ ಹಾಗೆಯೇ ಬೀಸಿ, ಎರಡು ಫಲಗಳನ್ನೂ ಹೋಲಿಸುತ್ತಾರೆ. ಆದುದರಿಂದಲೇ, ನೀವು ಗುಪ್ತಪದವನ್ನು ಮರೆತರೆ ಗಣಕ ಕಚೇರಿಯವರು ಹೊಸದನ್ನು ಕೊಡಬಲ್ಲರೇ ಹೊರತು ಹಳೆಯದನ್ನು ಹೇಳಲಾರರು. ನಿಮ್ಮ ಗುಪ್ತಪದವನ್ನು ಕೇಳುವ ಅಗತ್ಯವೂ ಅವರಿಗಿಲ್ಲ. ಹಾಗೆ ಕೇಳುವ ಪತ್ರವಾಗಲಿ ದೂರವಾಣಿ ಕರೆಯಾಗಲಿ ಬಂದರೆ ಅದು ಮೋಸವೆಂದೇ ತಿಳಿಯಬೇಕು.

ಆದರೂ ಕಳ್ಳನು ಊಹೆಯಿಂದ ಒಂದೊಂದೇ ಪದವನ್ನು ಬೀಸಿ ನೋಡಬಹುದು. ಇಲ್ಲಿ ಸ್ವಲ್ಪ ಗಣಿತವನ್ನು ಮಾಡೋಣ. ಇಂಗ್ಲಿಷಿನ ೨೬ ಸಣ್ಣಕ್ಷರಗಳಿಂದ ೮ ಅಕ್ಷರಗಳ ಪದವೊಂದನ್ನು ಕಟ್ಟಲು ಸುಮಾರು ೨೧,೦೦೦ ಕೋಟಿ ವಿಧಗಳಿವೆ. ಸೆಕೆಂಡಿಗೆ ನೂರು ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲ ಯಂತ್ರಕ್ಕೆ ಇವೆಲ್ಲವನ್ನೂ ಮುಗಿಸಲು ನಾಲ್ಕು ನಿಮಿಷ ಸಾಕು. ಅಕ್ಷರಗಳು ೧೨ ಆದರೆ ಅದೇ ಯಂತ್ರಕ್ಕೆ ಮೂರು ವರ್ಷ ಬೇಕು. ೧೬ ಆದರೆ ಸುಮಾರು ಹದಿನಾಲ್ಕು ಲಕ್ಷ ವರ್ಷಗಳು! ಗುಪ್ತಪದದ ಬಲವು ಅದರ ವಕ್ರತೆಗಿಂತ ಹೆಚ್ಚಾಗಿ ಅದರ ಉದ್ದದಲ್ಲಿದೆ. ಆದರೆ ಅಕ್ಷರಗಳು ಯಾರೂ ಊಹಿಸಲಾಗದಂತಿದ್ದಾಗ ಮಾತ್ರ ಈ ಲೆಕ್ಕ ಸಲ್ಲುತ್ತದೆ. ನಿಮ್ಮ ಹೆಸರು, ಊರು, ಹುಟ್ಟಿದ ದಿನಗಳನ್ನು ಕಳ್ಳನು ಮೊದಲೇ ಪರೀಕ್ಷಿಸಿರುತ್ತಾನೆ.

ಒಂದು ಸಲದ ಪರಿಚಯ, ದಿನವಿಡೀ ಪ್ರವೇಶ

ಎಂ.ಐ.ಟಿ.ಯಲ್ಲಿಯೇ ೧೯೮೩ರಲ್ಲಿ 'ಅಥೀನಾ' ಎಂಬ ಯೋಜನೆ ಪ್ರಾರಂಭವಾಯಿತು. ಡಿಜಿಟಲ್ ಮತ್ತು ಐ.ಬಿ.ಎಂ. ಕಂಪನಿಗಳ ನೆರವಿನೊಡನೆ, ವಿದ್ಯಾರ್ಥಿಯು ಯಾವ ಕಟ್ಟಡದ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕೆಲಸವನ್ನು ಮುಂದುವರಿಸುವಂತಾಗಬೇಕೆಂಬುದು ಅದರ ಉದ್ದೇಶಗಳಲ್ಲೊಂದು. ಐದು ವರ್ಷಗಳಿಗೆಂದು ಹೊರಟ ಈ ಯೋಜನೆಯು ಎಂಟು ವರ್ಷ ನಡೆದು ೧೯೯೧ರಲ್ಲಿ ಮುಗಿಯಿತು. ಇಂದಿನ ನಿರ್ವಹಿತ ಗಣಕಗಳ ಅನೇಕ ಲಕ್ಷಣಗಳು ಅಲ್ಲಿಯೇ ರೂಪುಗೊಂಡವು.

ಅಲ್ಲಿನವರಿಗೆ ಎದುರಾದ ತೊಡಕು ಇದು: ಕಡತಗಳು ಒಂದು ಯಂತ್ರದಲ್ಲಿ, ಮುದ್ರಣ ಮತ್ತೊಂದರಲ್ಲಿ, ಅಂಚೆ ಇನ್ನೊಂದರಲ್ಲಿ ಇರುವಾಗ, ವಿದ್ಯಾರ್ಥಿಯು ತಾನಾರೆಂಬುದನ್ನು ಪ್ರತಿಯೊಂದಕ್ಕೂ ರುಜುವಾತುಪಡಿಸುವುದು ಹೇಗೆ? ಪ್ರತಿಸಲವೂ ಗುಪ್ತಪದವನ್ನು ತಂತಿಯ ಮೇಲೆ ಕಳುಹಿಸಿದರೆ ನಡುವೆ ಕದ್ದು ಕೇಳುವವನಿಗೆ ಅದು ಸುಲಭವಾಗಿ ಸಿಕ್ಕುತ್ತದೆ. ಇದಕ್ಕೆ ಅವರು ಕಂಡುಕೊಂಡ ಉಪಾಯಕ್ಕೆ 'ಕರ್ಬರೋಸ್' ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರಿದು.

ಪರೀಕ್ಷೆಯ ಪ್ರವೇಶಪತ್ರವನ್ನು ನೆನೆಯಿರಿ. ಕಚೇರಿಯವರು ನಿಮ್ಮ ಗುರುತನ್ನು ಒಮ್ಮೆ ಪರೀಕ್ಷಿಸಿ ಪತ್ರವನ್ನು ಕೊಡುತ್ತಾರೆ. ಆಮೇಲೆ ಪ್ರತಿದಿನದ ಮೇಲ್ವಿಚಾರಕರು ನೋಡುವುದು ಆ ಪತ್ರವನ್ನು ಮಾತ್ರ. ಕರ್ಬರೋಸಿನ ಕ್ರಮವೂ ಇಂತಹುದೇ. ನೀವು ಟೈಪ್ ಮಾಡಿದ ಗುಪ್ತಪದದಿಂದ ನಿಮ್ಮೆದುರಿನ ಯಂತ್ರವು ಒಂದು ಬೀಗದ ಕೈಯನ್ನು ರಚಿಸುತ್ತದೆ. ಆ ಕ್ಷಣದ ವೇಳೆಯನ್ನು ಈ ಕೈಯಿಂದ ಬೀಗಹಾಕಿ ಕೇಂದ್ರದ ಯಂತ್ರಕ್ಕೆ ಕಳುಹಿಸುತ್ತದೆ. ಕೇಂದ್ರದ ಬಳಿ ಅದೇ ಕೈ ಇದೆ. ಅದರಿಂದ ಬೀಗ ತೆರೆದು, ಒಳಗಿನ ವೇಳೆ ಸರಿಯಾಗಿದ್ದರೆ ಕಳುಹಿಸಿದವರು ನೀವೇ ಎಂದಾಯಿತು. ಗುಪ್ತಪದವು ಯಂತ್ರದ ಹೊರಕ್ಕೆ ಹೋಗಲೇ ಇಲ್ಲ! ಆಗ ಕೇಂದ್ರವು ಕೆಲವು ಗಂಟೆಗಳ ಕಾಲ ಸಲ್ಲುವ ಚೀಟಿಯೊಂದನ್ನು ಕೊಡುತ್ತದೆ. ಈ ಚೀಟಿಯನ್ನು ಮುಂದಿಟ್ಟು, ಕಡತಕ್ಕೆ ಒಂದು, ಮುದ್ರಣಕ್ಕೆ ಒಂದು ಎಂಬಂತೆ ಉಳಿದ ಚೀಟಿಗಳನ್ನು ನಿಮ್ಮ ಯಂತ್ರವು ತಾನೇ ಪಡೆದುಕೊಳ್ಳುತ್ತದೆ.

ವೇಳೆಯನ್ನೇಕೆ ಕಳುಹಿಸಬೇಕು? ಕಳ್ಳನು ಬೀಗಹಾಕಿದ ಆ ಸಂದೇಶವನ್ನು ಹಿಡಿದಿಟ್ಟುಕೊಂಡು ಮರುದಿನ ಕಳುಹಿಸಿದರೆ, ಒಳಗಿನ ವೇಳೆ ಹಳೆಯದಾಗಿ ಅವನು ಸಿಕ್ಕಿಬೀಳುತ್ತಾನೆ. ಎರಡು ಗಡಿಯಾರಗಳ ನಡುವೆ ಸಾಮಾನ್ಯವಾಗಿ ೫ ನಿಮಿಷಗಳ ಅಂತರವನ್ನು ಮಾತ್ರ ಒಪ್ಪುತ್ತಾರೆ. ಹೀಗಾಗಿ ಗಡಿಯಾರ ತಪ್ಪಿದ ಯಂತ್ರವು ಸರಿಯಾದ ಗುಪ್ತಪದವನ್ನೂ ತಿರಸ್ಕರಿಸುವುದುಂಟು. ಮೈಕ್ರೋಸಾಫ್ಟ್ ಕಂಪನಿಯು ೨೦೦೦ದಲ್ಲಿ ಹೊರತಂದ ವಿಂಡೋಸ್ ೨೦೦೦ದಿಂದ ಮೊದಲಾಗಿ ಇದೇ ಪದ್ಧತಿಯನ್ನು ಅಳವಡಿಸಿಕೊಂಡಿತು. ಅಲ್ಲಿ ಚೀಟಿಯ ಆಯುಷ್ಯವು, ಬೇರೆ ನಿಯಮವನ್ನು ವಿಧಿಸದಿದ್ದರೆ, ೧೦ ಗಂಟೆಗಳು. ನೀವು ಯಂತ್ರಕ್ಕೆ ಬೀಗಹಾಕದೆ ಚಹಾ ಕುಡಿಯಲು ಎದ್ದು ಹೋದರೆ ಆ ಚೀಟಿಗಳೆಲ್ಲ ಮೇಜಿನ ಮೇಲೆ ಬಿದ್ದಿರುತ್ತವೆ. ನಂತರ ಬಂದು ಕುಳಿತವನು ಏನು ಮಾಡಿದರೂ ದಾಖಲೆಯಲ್ಲಿ ನಮೂದಾಗುವುದು ನಿಮ್ಮ ಹೆಸರೇ.

ಕಡತವು ಎಲ್ಲಿದೆ?

ಯಾವ ಯಂತ್ರದಲ್ಲಿಯೂ ನಿಮ್ಮ ಕಡತಗಳು ಕಾಣುವುದಕ್ಕೆ ಕಾರಣ, ಅವು ಆ ಯಂತ್ರದಲ್ಲಿ ಇಲ್ಲದಿರುವುದೇ! ಅವು ಕೇಂದ್ರದ ಸಂಗ್ರಹದಲ್ಲಿವೆ. ಮೇಜಿನ ಮೇಲಿನ ಯಂತ್ರವು ಅವನ್ನು ನೋಡುವ ಕಿಟಕಿ ಮಾತ್ರ. ಆದರೆ ಆ ಯಂತ್ರಕ್ಕೂ ತನ್ನದೇ ಆದ ಡಿಸ್ಕ್ ಇರುತ್ತದೆ. ಅಪಾಯವಿರುವುದು ಇಲ್ಲಿಯೇ. ಆ ಡಿಸ್ಕಿನಲ್ಲಿ ಉಳಿಸಿದ ಬರಹವು ಬೇರೆ ಯಂತ್ರದಲ್ಲಿ ಕಾಣದು. ಕೆಟ್ಟ ಯಂತ್ರವನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಿದಾಗ ಅದು ಪೂರ್ಣವಾಗಿ ನಾಶವಾಗುತ್ತದೆ. ಆದುದರಿಂದ ಯಾವ ಫೋಲ್ಡರು ಕೇಂದ್ರದ್ದು, ಯಾವುದು ಯಂತ್ರದ್ದು ಎಂಬುದನ್ನು ಮೊದಲ ದಿನವೇ ಕೇಳಿ ತಿಳಿಯಬೇಕು.

ಕೇಂದ್ರದ ಸಂಗ್ರಹವೂ ಅಮೃತವನ್ನು ಕುಡಿದು ಬಂದಿಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಮಹಾಗಣಕದ ಸಂಗ್ರಹದಲ್ಲಿ ೨೦೨೧ರ ಡಿಸೆಂಬರಿನಲ್ಲಿ, ಪ್ರೋಗ್ರಾಮೊಂದರ ದೋಷದಿಂದ, ಸುಮಾರು ೭೭ ಟೆರಾಬೈಟಿನಷ್ಟು ಕಡತಗಳು ಅಳಿಸಿಹೋದುವು. ಪ್ರಬಂಧದಂತಹ ಅಮೂಲ್ಯವಾದ ಬರಹದ ಮತ್ತೊಂದು ಪ್ರತಿಯು ಬೇರೊಂದು ಜಾಗದಲ್ಲಿ ಇರಲೇಬೇಕು.

ಅನುಮತಿಗೆ ಮಿತಿಯೇಕೆ?

ಇನ್ನು ಪ್ರೋಗ್ರಾಮನ್ನು ಸ್ಥಾಪಿಸಗೊಡದ ನಿಯಮ. ಪ್ರೋಗ್ರಾಮೊಂದಕ್ಕೆ ಅದನ್ನು ನಡೆಸಿದವನ ಅಧಿಕಾರವೇ ಬರುತ್ತದೆ. ಸಾಮಾನ್ಯ ಖಾತೆಯಿಂದ ಕೆಟ್ಟ ಪ್ರೋಗ್ರಾಮನ್ನು ತೆರೆದರೆ ಹಾನಿಯು ಬಹುಮಟ್ಟಿಗೆ ನಿಮ್ಮ ಕಡತಗಳಲ್ಲಿಯೇ ನಿಲ್ಲುತ್ತದೆ. ಪೂರ್ಣಾಧಿಕಾರದ ಖಾತೆಯಿಂದ ತೆರೆದರೆ ಅದು ಇಡೀ ಯಂತ್ರವನ್ನು ವಶಪಡಿಸಿಕೊಂಡು, ನಾಳೆ ಅಲ್ಲಿ ಕುಳಿತುಕೊಳ್ಳುವವನ ಗುಪ್ತಪದವನ್ನೂ ಕದಿಯಬಹುದು. ಯಾರಿಗೇ ಆಗಲಿ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕೆಂಬ ತತ್ತ್ವವನ್ನು ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ೧೯೭೫ರ ತಮ್ಮ ಲೇಖನದಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದರು. ನಿಮಗೆ ಬೇಕಾದ ಪ್ರೋಗ್ರಾಮು ಕಚೇರಿಯವರು ಒಪ್ಪಿದ ಪಟ್ಟಿಯಲ್ಲಿದ್ದರೆ ಅಲ್ಲಿಂದ ಪಡೆಯಬಹುದು. ಇಲ್ಲವಾದರೆ ಅರ್ಜಿ ಕೊಡಬೇಕು.

ಯಂತ್ರವು ತಾನಾಗಿ ಬದಲಾಗುವುದಕ್ಕೂ ಹೀಗೆಯೇ ಕಾರಣವುಂಟು. ವಿಂಡೋಸಿನ ವ್ಯವಸ್ಥೆಯಲ್ಲಿ ಪ್ರತಿಯೊಂದು ಯಂತ್ರವೂ ಸಾಮಾನ್ಯವಾಗಿ ೯೦ ನಿಮಿಷಗಳಿಗೊಮ್ಮೆ ಕೇಂದ್ರದ ನಿಯಮಗಳನ್ನು ಕೇಳಿ ತಿಳಿಯುತ್ತದೆ. ಎಲ್ಲವೂ ಒಮ್ಮೆಗೇ ಬಂದು ಮುತ್ತದಿರಲೆಂದು ಈ ಅವಧಿಗೆ ೩೦ ನಿಮಿಷಗಳ ಒಳಗಿನ ಯಾವುದೋ ಒಂದು ಕಾಲವನ್ನು ಸೇರಿಸುತ್ತಾರೆ. ತಂತ್ರಾಂಶದ ತೇಪೆಗಳೂ ಹೀಗೆಯೇ ಕೇಂದ್ರದ ಆಜ್ಞೆಯಂತೆ ಬರುತ್ತವೆ. ಅವುಗಳ ಬೆಲೆ ೨೦೧೭ರಲ್ಲಿ ಪ್ರಪಂಚಕ್ಕೆ ತಿಳಿಯಿತು. ವಿಂಡೋಸಿನ ಒಂದು ದೋಷಕ್ಕೆ ಮಾರ್ಚ್ ೧೪ರಂದೇ ತೇಪೆಯು ಹೊರಬಿದ್ದಿತ್ತು. ಅದನ್ನು ಹಾಕಿಕೊಳ್ಳದಿದ್ದ ಯಂತ್ರಗಳನ್ನು ಮೇ ೧೨ರಂದು 'ವಾನಾಕ್ರೈ' ಎಂಬ ಹಾವಳಿಯು ಹಿಡಿಯಿತು. ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಗಣಕಗಳ ಕಡತಗಳಿಗೆ ಬೀಗ ಬಿದ್ದಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ನಿಂತುಹೋದುವು. ನಡುವೆ ಇದ್ದ ಕಾಲ ೫೯ ದಿನಗಳು!

ಮೊದಲ ದಿನದ ಕ್ರಮ

ಇಷ್ಟನ್ನು ತಿಳಿದಮೇಲೆ ಮೊದಲ ದಿನದ ಕೆಲಸವು ಸುಲಭವಾಗುತ್ತದೆ. ಕಚೇರಿಯವರು ಕೊಟ್ಟ ತಾತ್ಕಾಲಿಕ ಗುಪ್ತಪದವನ್ನು ಕೂಡಲೆ ಬದಲಾಯಿಸಿ, ಉದ್ದವಾದುದೊಂದನ್ನು ಆರಿಸಿಕೊಳ್ಳಿರಿ. ಮೊಬೈಲಿನ ಮೂಲಕ ಎರಡನೆಯ ರುಜುವಾತನ್ನು ಕೊಡುವ ಸೌಕರ್ಯವಿದ್ದರೆ ಅದನ್ನು ಬಿಡಬೇಡಿರಿ. ಕೇಂದ್ರದ ಫೋಲ್ಡರಿನಲ್ಲಿ ಚಿಕ್ಕ ಕಡತವೊಂದನ್ನು ಬರೆದು, ನಿರ್ಗಮಿಸಿ, ಪಕ್ಕದ ಯಂತ್ರದಲ್ಲಿ ಪ್ರವೇಶಿಸಿ ಅದು ಕಾಣುವುದೇ ಎಂದು ಪರೀಕ್ಷಿಸಿರಿ. ಐದು ನಿಮಿಷದ ಈ ಪ್ರಯೋಗವು ಹತ್ತು ಪುಟದ ಸೂಚನೆಗಿಂತ ಮೇಲು. ಏಳುವಾಗ ವಿಂಡೋಸ್ ಚಿಹ್ನೆಯ ಗುಂಡಿಯನ್ನೂ 'ಎಲ್' ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಯಂತ್ರಕ್ಕೆ ಬೀಗ ಬೀಳುತ್ತದೆ. ಮನೆಗೆ ಹೊರಡುವಾಗ ಬೀಗ ಸಾಲದು, ನಿರ್ಗಮಿಸಲೇಬೇಕು.

ಒಂದು ಮಾತನ್ನು ಮರೆಯಬಾರದು. ವ್ಯವಸ್ಥೆಯನ್ನು ನಡೆಸುವವರಿಗೆ ಅದರೊಳಗಿನ ಕಡತಗಳನ್ನು ತೆರೆಯುವ ಸಾಮರ್ಥ್ಯವೂ ಇರುತ್ತದೆ. ಅವರನ್ನು ತಡೆಯುವುದು ಬಹುಮಟ್ಟಿಗೆ ಕಟ್ಟಳೆಯೇ ಹೊರತು ಯಂತ್ರವಲ್ಲ. ಆದುದರಿಂದ ಖಾಸಗಿ ಪತ್ರಗಳಿಗೂ ಮನೆಯ ಲೆಕ್ಕಪತ್ರಗಳಿಗೂ ಇದು ತಕ್ಕ ಸ್ಥಳವಲ್ಲ.

ಗೆಳೆಯನು ಕೇಳಿದನೆಂದು ಗುಪ್ತಪದವನ್ನು ಕೊಡುವುದು ಔದಾರ್ಯವೆಂದು ಕೆಲವರು ಭಾವಿಸುತ್ತಾರೆ. ಯಂತ್ರವು ಎಲ್ಲರದಾದ ಕಡೆ ನಿಮ್ಮನ್ನು ಇತರರಿಂದ ಬೇರ್ಪಡಿಸುವುದು ಆ ಒಂದು ಪದವೇ. ಪುಸ್ತಕವನ್ನು ಎರವಲು ಕೊಡಬಹುದು. ಸಹಿಯನ್ನು ಎರವಲು ಕೊಡಲಾಗದು.