ಬಿಲ್ಲು ಹಿಡಿದವನ ಕನ್ನಡಕ

ದ್ರೋಣಾಚಾರ್ಯರು ಮರದ ಮೇಲೆ ಕೃತಕ ಪಕ್ಷಿಯೊಂದನ್ನಿರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು. "ಏನು ಕಾಣುತ್ತದೆ?" ಎಂಬ ಗುರುಗಳ ಪ್ರಶ್ನೆಗೆ ಉಳಿದವರು ಮರ, ಕೊಂಬೆ, ನೆರೆದ ಅಣ್ಣತಮ್ಮಂದಿರು ಎಂದೆಲ್ಲ ಪಟ್ಟಿ ಹೇಳಿದರೆ, ಅರ್ಜುನನೊಬ್ಬನು ಮಾತ್ರ ಹಕ್ಕಿಯ ಕಣ್ಣೊಂದೇ ಕಾಣುತ್ತದೆ ಎಂದನೆಂದು ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಅದು ಏಕಾಗ್ರತೆಯ ಪರೀಕ್ಷೆ ನಿಜ; ಆದರೆ ಕಣ್ಣಿನ ಪರೀಕ್ಷೆಯೂ ಆಗಿತ್ತಲ್ಲವೇ? ಪಾರ್ಥನಿಗೆ ಹ್ರಸ್ವದೃಷ್ಟಿ ಇದ್ದಿದ್ದರೆ, "ಗುರುಗಳೇ, ಹಸಿರು ಬಣ್ಣದ ಮಂಜೊಂದು ಕಾಣುತ್ತಿದೆ" ಎಂದು ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿತ್ತು!

ಇಂದಿನ ಬಿಲ್ಲುಗಾರನಿಗೆ ಅಂತಹ ಸಂಕಟವಿಲ್ಲ, ಕನ್ನಡಕವಿದೆ. ಆದರೆ ಓದುವುದಕ್ಕೆ, ಕಚೇರಿಗೆ, ಸಿನಿಮಾಕ್ಕೆ ಒದಗುವ ಕನ್ನಡಕವೇ ಬಿಲ್ಲಿಗೂ ಒದಗುತ್ತದೆಂದು ನಂಬಿದವರು ಮೋಸಹೋಗುತ್ತಾರೆ.

ವನ್ಯಮೃಗಗಳ ಬೇಟೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳಿಂದ ನಿಷಿದ್ಧವಾಗಿದೆ. ಅದು ಆಗಬೇಕಾದದ್ದೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ ಲೈಸೆನ್ಸು ಪಡೆದವರು ಗೊತ್ತಾದ ಋತುವಿನಲ್ಲಿ ಬಿಲ್ಲುಬಾಣಗಳಿಂದ ಜಿಂಕೆಯನ್ನು ಬೇಟೆಯಾಡಬಹುದು. ವಿಸ್ಕಾನ್ಸಿನ್ ರಾಜ್ಯವು 1934ರಲ್ಲಿಯೇ ಬಿಲ್ಲುಗಾರರಿಗೆಂದು ಪ್ರತ್ಯೇಕ ಋತುವನ್ನು ಏರ್ಪಡಿಸಿತು. ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬಾತನು ಗಾಲಿಗಳುಳ್ಳ ಹೊಸ ಬಗೆಯ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಪಡೆದ ಮೇಲೆ ಈ ಹವ್ಯಾಸ ಇನ್ನಷ್ಟು ಹಬ್ಬಿತು. ಅಲ್ಲಿ ನೆಲೆಸಿದ ಬಂಧುಗಳ ಮೂಲಕ ಈ ಸಂಗತಿಯನ್ನು ಕೇಳಿದ ವಾಚಕರೂ ಇರಬಹುದು.

ಮರವೇರಿದ ಮೇಷ್ಟರು

ಪೆನ್ಸಿಲ್ವೇನಿಯಾದ ಕಾಡಂಚಿನ ಊರೊಂದರಲ್ಲಿ ಐವತ್ತೆರಡು ವರ್ಷದ ಉಪಾಧ್ಯಾಯರೊಬ್ಬರಿದ್ದಾರೆಂದು ಭಾವಿಸೋಣ. ಮೊದಲೇ ಹ್ರಸ್ವದೃಷ್ಟಿ, ಮೇಲೆ ಚಾಳೀಸು ಬೇರೆ. ದೂರಕ್ಕೂ ಓದಿಗೂ ಒಂದೇ ಗಾಜಿನಲ್ಲಿ ಶಕ್ತಿ ಮೇಲಿಂದ ಕೆಳಕ್ಕೆ ಬದಲಾಗುತ್ತ ಹೋಗುವ ಪ್ರೋಗ್ರೆಸಿವ್ ಕನ್ನಡಕ ಅವರದು. 1959ರಲ್ಲಿ ಫ್ರಾನ್ಸಿನಿಂದ ಮಾರುಕಟ್ಟೆಗೆ ಬಂದ ಈ ಬಗೆಯ ಗಾಜು ಎಷ್ಟೋ ಮಂದಿಗೆ ವರವಾಗಿದೆ. ಅಂಗಡಿಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಮೇಷ್ಟರು ಗೋಡೆಯ ಕೊನೆಯ ಸಾಲನ್ನೂ ತಡವರಿಸದೆ ಓದಿದ್ದಾರೆ.

ಅಕ್ಟೋಬರಿನ ಒಂದು ಮುಂಜಾವು. ಮೇಷ್ಟರು ಹದಿನೈದು ಇಪ್ಪತ್ತು ಅಡಿ ಎತ್ತರದಲ್ಲಿ ಮರಕ್ಕೆ ಕಟ್ಟಿದ ಅಟ್ಟಣೆಯನ್ನೇರಿ ಕುಳಿತಿದ್ದಾರೆ. ಜಿಂಕೆ ಕೆಳಗೆ ಬಂದಿತು. ಮೇಷ್ಟರು ಕಣ್ಣನ್ನು ಕೆಳಗಿಳಿಸಿದರು. ದೃಷ್ಟಿ ಗಾಜಿನ ಕೆಳಭಾಗದಲ್ಲಿ ಹಾಯಿತು. ಅದು ಓದಿಗೆಂದು ಮಾಡಿದ ಭಾಗ! ಇಪ್ಪತ್ತು ಗಜ ದೂರದ ಜಿಂಕೆ ಮಸುಕಾಯಿತು. ಇಳಿಯುವಾಗ ಏಣಿಯ ಮೆಟ್ಟಿಲಿಗೂ ಇದೇ ಗತಿ. ಅಟ್ಟಣೆಯಿಂದ ಬಿದ್ದು ಕೈಕಾಲು ಮುರಿದುಕೊಳ್ಳುವುದು ಅಲ್ಲಿನ ಬೇಟೆಗಾರರಿಗೆ ಹೊಸದಲ್ಲ.

ಇನ್ನು ಹೆದೆಯನ್ನು ಸೆಳೆದಾಗ ಏನಾಗುತ್ತದೆ? ಬಲಗೈ ಬಿಲ್ಲುಗಾರನು ಎಡಭುಜವನ್ನು ಗುರಿಯ ಕಡೆಗೆ ತಿರುಗಿಸಿ ನಿಲ್ಲುತ್ತಾನೆ. ಮುಖ ಪೂರ್ತಿಯಾಗಿ ತಿರುಗದು. ಉಳಿದ ದಾರಿಯನ್ನು ಕಣ್ಣೇ ಓರೆಯಾಗಿ ಕ್ರಮಿಸಬೇಕು. ಆದುದರಿಂದ ಅವನ ಬಲಗಣ್ಣು ನೋಡುವುದು ಗಾಜಿನ ನಡುವಿನಿಂದಲ್ಲ, ಮೂಗಿನ ಪಕ್ಕದ ಮೂಲೆಯಿಂದ. ಪ್ರೋಗ್ರೆಸಿವ್ ಗಾಜಿನಲ್ಲಿ ಪಕ್ಕದ ಭಾಗಗಳು ಸ್ವಭಾವತಃ ಮಸುಕು. ಸಾಧಾರಣ ಗಾಜಿನಲ್ಲಿಯೂ ಶಕ್ತಿ ಹೆಚ್ಚಾದಷ್ಟು ಅಂಚಿನ ನೋಟ ಕೆಡುತ್ತದೆ. ಚೌಕಟ್ಟು ಚಿಕ್ಕದಾಗಿ ದಪ್ಪವಾಗಿದ್ದರಂತೂ ಗುರಿಯಿರಬೇಕಾದ ಜಾಗದಲ್ಲಿ ಫ್ರೇಮಿನ ಕರಿ ಪಟ್ಟಿಯೇ ಅಡ್ಡ ನಿಲ್ಲುತ್ತದೆ!

ಒಂದು ಕಣ್ಣು, ಮೂರು ದೂರ

ಗಾಲಿಬಿಲ್ಲು ಹಿಡಿದವನ ಕಣ್ಣಿಗೆ ಏಕಕಾಲದಲ್ಲಿ ಮೂರು ಕೆಲಸ. ಹೆದೆಯಲ್ಲಿ ಕಟ್ಟಿದ ಪುಟ್ಟ ಬಳೆಯ ರಂಧ್ರವು ಕಣ್ಣಿನಿಂದ ಕೆಲವೇ ಅಂಗುಲ ದೂರ. ಬಿಲ್ಲಿಗೆ ಕೂಡಿಸಿದ ಗುರಿಸೂಜಿ ಒಂದು ತೋಳಿನಷ್ಟು ದೂರ. ಪ್ರಾಣಿಯೋ ಇಪ್ಪತ್ತು ಮೂವತ್ತು ಗಜ ದೂರ. ಈ ಮೂರನ್ನೂ ಒಮ್ಮೆಗೇ ಸ್ಪಷ್ಟವಾಗಿ ಕಾಣುವ ಕಣ್ಣನ್ನು ಬ್ರಹ್ಮನು ಯಾರಿಗೂ ಕೊಟ್ಟಿಲ್ಲ. ಎಳೆಯ ಕಣ್ಣು ಸೂಜಿಗೂ ಗುರಿಗೂ ಕ್ಷಣಾರ್ಧದಲ್ಲಿ ಹೊಂದಿಕೊಳ್ಳುತ್ತದೆ. ಐವತ್ತು ದಾಟಿದ ಕಣ್ಣು ಹಾಗೆ ಹೊಂದಿಕೊಳ್ಳಲಾರದು.

ಹಾಗಾದರೆ ಯಾವುದನ್ನು ಆರಿಸಬೇಕು? ಬೇಟೆಯಲ್ಲಿ ಗುರಿಯನ್ನೇ. ಸೂಜಿಯ ತುದಿ ತುಸು ಮಬ್ಬಾದರೂ ಅದು ಎಲ್ಲಿದೆ ಎಂಬುದು ತಿಳಿಯುತ್ತದೆ. ರಂಧ್ರದ ಕಿರಿದಾದ ಬಾಯಿಯೂ ಮಸುಕನ್ನು ಒಂದಿಷ್ಟು ತಗ್ಗಿಸುತ್ತದೆ. ಕಣ್ಣು ಕಿರಿದು ಮಾಡಿ ಬಸ್ಸಿನ ಫಲಕ ಓದುವವರಿಗೆ ಈ ಮರ್ಮ ತಿಳಿದೇ ಇದೆ. ಆದುದರಿಂದ ಮೇಷ್ಟರಿಗೆ ಬೇಕಾದದ್ದು ದೂರದ ನೋಟಕ್ಕೆ ಮಾತ್ರ ಮಾಡಿದ ಏಕಶಕ್ತಿಯ ಗಾಜು. ಸೂಜಿಯೇ ಕಾಣದಷ್ಟು ಮಸುಕಾದರೆ ವೈದ್ಯರಿಗೆ ತೋಳಿನ ಅಳತೆಯನ್ನು ತಿಳಿಸಿ ಶಕ್ತಿಯನ್ನು ಸ್ವಲ್ಪ ಹೊಂದಿಸಿಕೊಳ್ಳಬಹುದು. ಅಸಮದೃಷ್ಟಿಯನ್ನು ಮಾತ್ರ ಉಪೇಕ್ಷಿಸಲಾಗದು. ಅದು ಸರಿಪಡದಿದ್ದರೆ ಹೊಳೆಯುವ ಒಂದು ಚುಕ್ಕೆ ಬಾಲವುಳ್ಳ ನಕ್ಷತ್ರವಾಗಿಯೋ ಎರಡು ಚುಕ್ಕೆಗಳಾಗಿಯೋ ಕಾಣುತ್ತದೆ. ಯಾವುದನ್ನು ನಂಬಿ ಬಾಣ ಬಿಡುವುದು?

ಅಂಗಡಿಯಲ್ಲಿ

ಚೌಕಟ್ಟನ್ನು ಕನ್ನಡಿಯ ಮುಂದೆ ಅಂದಕ್ಕಾಗಿ ಆರಿಸದೆ, ಬಿಲ್ಲೆತ್ತಿದ ಭಂಗಿಯಲ್ಲಿ ನಿಂತು ಆರಿಸಬೇಕು. ಎಡಗೈ ಚಾಚಿ, ಬಲಗೈಯನ್ನು ದವಡೆಗೆ ತಂದು, ದೂರದ ಗೋಡೆಯನ್ನು ನೋಡಿ. ಅಂಗಡಿಯವರು ನಗಬಹುದು, ನಗಲಿ. ದೃಷ್ಟಿ ಹಾಯುವ ಜಾಗವನ್ನು ಮಾದರಿ ಗಾಜಿನ ಮೇಲೆ ಮಸಿಯಿಂದ ಗುರುತಿಸುವಂತೆ ಕೇಳಿಕೊಳ್ಳಿ. ಆ ಗುರುತು ಅಂಚಿಗೆ ತಾಗಿದರೆ ಅಂತಹ ಚೌಕಟ್ಟು ಬೇಡ. ಗಾಜು ಅಗಲವಾಗಿ, ಮೂಗಿನ ಕಡೆಯ ಅಂಚು ತೆಳ್ಳಗಿರಬೇಕು. ಲೋಹದ ಚೌಕಟ್ಟಿನಲ್ಲಿ ಮೂಗಿನ ಮೇಲೆ ಕೂರುವ ಪುಟ್ಟ ದಿಂಬುಗಳನ್ನು ಬಾಗಿಸಿ ಕನ್ನಡಕವನ್ನು ತುಸು ಮೇಲಕ್ಕೂ ಕಣ್ಣಿನ ಹತ್ತಿರಕ್ಕೂ ತರಬಹುದು. ಹೆದೆ ಮೂಗಿನ ತುದಿಗೆ ತಾಕುವುದರಿಂದ ಸಡಿಲವಾದ ಕನ್ನಡಕ ಜಾರುತ್ತದೆ. ತಲೆಯ ಹಿಂದೆ ದಾರವೊಂದನ್ನು ಕಟ್ಟುವುದು ಒಳ್ಳೆಯದು.

ಗಾಜೆಂದು ವಾಡಿಕೆಯಲ್ಲಿ ಹೇಳಿದರೂ ಅದು ಪಾಲಿಕಾರ್ಬೊನೇಟಿನದಾಗಿರಲಿ. ಮುಳ್ಳುಕಡ್ಡಿ ಬಡಿದರೂ, ಬಾಣ ಸೀಳಿ ಚೂರು ಸಿಡಿದರೂ ಅದು ಸುಲಭವಾಗಿ ಒಡೆಯದು. ಪ್ರತಿಫಲನ ತಡೆಯುವ ಲೇಪವೂ ಇರಲಿ. ಓರೆಬಿಸಿಲಿನಲ್ಲಿ ಮಿನುಗುವ ಗಾಜು ತನ್ನ ಒಡೆಯನನ್ನು ಜಿಂಕೆಗೆ ತೋರಿಸಿಕೊಡುತ್ತದೆ.

ಬಣ್ಣದ ಗಾಜಿನ ಮೋಹ ಬೇಡ. ಜಿಂಕೆಗಳು ಹೆಚ್ಚಾಗಿ ಸಂಚರಿಸುವುದು ಬೆಳಗು ಬೈಗುಗಳ ಮಬ್ಬಿನಲ್ಲಿ. ಆಗ ಕಣ್ಣಿನ ಪಾಪೆ ಅಗಲವಾಗುತ್ತದೆ. ಹಗಲಿನಲ್ಲಿ ಗಮನಕ್ಕೇ ಬಾರದಿದ್ದ ಸಣ್ಣ ದೋಷ ದೊಡ್ಡದಾಗುತ್ತದೆ. ಕೆಲವರಿಗೆ ಮಬ್ಬುಬೆಳಕಿನಲ್ಲಿ ಹ್ರಸ್ವದೃಷ್ಟಿಯೂ ತುಸು ಹೆಚ್ಚುವುದುಂಟು. ಇಂತಹ ಹೊತ್ತಿನಲ್ಲಿ ಹಳದಿ ಗಾಜು ನೋಟವನ್ನು ಚುರುಕುಗೊಳಿಸಿದಂತೆ ತೋರಿದರೂ ಒಳಬರುವ ಬೆಳಕನ್ನು ಕಡಿಮೆಯೇ ಮಾಡುತ್ತದೆ. ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜು ಚಳಿಯಲ್ಲಿ ಮತ್ತೆ ತಿಳಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ತಿಳಿಗಾಜೇ ಲೇಸು.

ಇನ್ನೊಂದು ಶತ್ರು ಉಸಿರಿನ ಆವಿ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಮುಖಕ್ಕೆ ಮುಸುಕು ಧರಿಸಿ ಕನ್ನಡಕ ಮಂಜಾದ ಅನುಭವ ನಮಗೆಲ್ಲ ಆಗಿದೆ. ಮರೆಮಾಚಲು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವ ಬೇಟೆಗಾರನಿಗೂ ಅದೇ ಪಾಡು. ಬಟ್ಟೆಯನ್ನು ಮೂಗಿನಿಂದ ಕೆಳಗಿಳಿಸುವುದು, ಆವಿ ತಡೆಯುವ ಲೇಪವನ್ನು ಹಚ್ಚುವುದು ಇದಕ್ಕೆ ಉಪಾಯ. ಕಾಂಟ್ಯಾಕ್ಟ್ ಲೆನ್ಸು ಒಗ್ಗುವವರಿಗೆ ಈ ಚೌಕಟ್ಟಿನ ಗೋಳೂ ಇಲ್ಲ, ಆವಿಯ ಗೋಳೂ ಇಲ್ಲ. ಆದರೆ ಧೂಳು ಮತ್ತು ಒಣಗಾಳಿಯಲ್ಲಿ ಅದು ಎಲ್ಲರಿಗೂ ಹಿತವಾಗದು.

ಮಸುಕಿನ ಬೆಲೆ

"ಕಣ್ಣು ಮಂದವಾದರೇನು, ಅಭ್ಯಾಸವಿದ್ದರೆ ಸಾಲದೇ?" ಎಂದು ಕೇಳುವವರು ದಕ್ಷಿಣ ಕೊರಿಯಾದ ಇಮ್ ಡಾಂಗ್-ಹ್ಯುನ್ ಅವರನ್ನು ಉದಾಹರಿಸಬಹುದು. ಎಡಗಣ್ಣಿನಲ್ಲಿ ಇಪ್ಪತ್ತು ಇನ್ನೂರರಷ್ಟೇ ದೃಷ್ಟಿಯಿದ್ದ ಈ ಬಿಲ್ಲುಗಾರರು 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕನ್ನಡಕವಿಲ್ಲದೆಯೇ 72 ಬಾಣಗಳಿಂದ 720ಕ್ಕೆ 699 ಅಂಕ ಗಳಿಸಿ ವಿಶ್ವದಾಖಲೆ ಮಾಡಿದರು. ಅದು ನಿಜಕ್ಕೂ ಅದ್ಭುತ. ಆದರೆ ಅವರ ಗುರಿ 122 ಸೆಂಟಿಮೀಟರ್ ಅಗಲದ ಫಲಕ. ನಡುವೆ ಹಳದಿ, ಸುತ್ತ ಕೆಂಪು, ನೀಲಿ. ಅದು ಅಲುಗಾಡದು, ಬಣ್ಣಗಳು ಕಲಸಿ ಕಂಡರೂ ನಡುವೆಲ್ಲಿ ಎಂದು ತಿಳಿಯುತ್ತದೆ. ಬಾಣ ತಪ್ಪಿದರೆ ಹೋಗುವುದು ಅಂಕ ಮಾತ್ರ.

ಜಿಂಕೆಯ ಮೈ ಒಣ ತರಗೆಲೆಯ ಬಣ್ಣದ್ದು. ಬಾಣವು ಹೃದಯ ಶ್ವಾಸಕೋಶಗಳಿರುವ ತಟ್ಟೆಯಗಲದ ಜಾಗಕ್ಕೆ ತಗುಲಿದರೆ ಅದು ಬೇಗನೆ ಪ್ರಾಣ ಬಿಡುತ್ತದೆ. ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ತಗುಲಿದರೆ ಓಡಿಹೋಗಿ, ಯಾರ ಕಣ್ಣಿಗೂ ಬೀಳದ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬೇಟೆಯನ್ನು ಒಪ್ಪುವವರೂ ಒಪ್ಪದವರೂ ಈ ಒಂದು ಮಾತಿನಲ್ಲಿ ಕೂಡಬಹುದು: ಆ ಯಾತನೆಗೆ ಮಸುಕು ಗಾಜು ಕಾರಣವಾಗಕೂಡದು.

ನಮ್ಮ ಊರುಗಳಲ್ಲಿ ಬಿಲ್ಲುಗಾರಿಕೆಯನ್ನು ಆಟವಾಗಿ ಕಲಿಯುವ ಮಕ್ಕಳ ತಾಯಿತಂದೆಯರಿಗೂ ಈ ಸೂಚನೆಗಳಲ್ಲಿ ಬಹುಪಾಲು ಉಪಯುಕ್ತವಾದುವೇ. ಮಗುವಿನ ಬಾಣ ಪದೇ ಪದೇ ತಪ್ಪುತ್ತಿದ್ದರೆ ಗದರಿಸುವ ಮೊದಲು ಕಣ್ಣನ್ನು ಪರೀಕ್ಷಿಸಿ. ಕನ್ನಡಕವಿದ್ದರೆ ಬಿಲ್ಲೆತ್ತಿದ ಭಂಗಿಯಲ್ಲಿ ಅದು ಹೇಗೆ ಕೂರುತ್ತದೆಂಬುದನ್ನು ನೋಡಿ.

ಆದರೂ ಎಷ್ಟೇ ಬೆಲೆಯ ಕನ್ನಡಕವಾಗಲಿ, ಮಂಜು ಕವಿದ ಒಂದು ಗಳಿಗೆ ಬಂದೇ ಬರುತ್ತದೆ. ಆ ಗಳಿಗೆಯಲ್ಲಿ ಹೆದೆಯನ್ನು ಮೆಲ್ಲನೆ ಸಡಿಲಿಸಿ ಬಾಣವನ್ನು ಬತ್ತಳಿಕೆಗೆ ಸೇರಿಸುವವನೇ ನಿಜವಾದ ಬಿಲ್ಲುಗಾರ. ಸರಯೂ ತೀರದ ಕತ್ತಲೆಯಲ್ಲಿ ದಶರಥನು ಕೊಡದ ಸದ್ದನ್ನು ಕೇಳಿ, ಆನೆ ನೀರು ಕುಡಿಯುತ್ತಿದೆಯೆಂದು ಬಗೆದು ಬಾಣ ಬಿಟ್ಟನು. ಅವನ ಗುರಿ ತಪ್ಪಲಿಲ್ಲ. ಕುರುಡ ತಾಯಿತಂದೆಯರ ಒಬ್ಬನೇ ಮಗ ನೆಲಕ್ಕುರುಳಿದನು.