ಕೈಸೇರದ ಕೂಲಿಹಣವನ್ನು ಪತ್ತೆಮಾಡುವ ಕ್ರಮ

ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಮಾಡಿದ ಕೂಲಿಗಾರರು, “ಹಣ ಬಂದಿಲ್ಲ” ಎಂಬ ಬ್ಯಾಂಕಿನವರ ಒಂದೇ ಮಾತನ್ನು ಕೇಳಿ ಬರಿಗೈಯಲ್ಲಿ ಹಿಂದಿರುಗುವುದುಂಟು. ಹೀಗೆ ಅಲೆಯುವ ಪ್ರತಿದಿನವೂ ಮತ್ತೊಂದು ದಿನದ ಕೂಲಿ ನಷ್ಟವಾಗುತ್ತದೆ. ಇಂಥವರಿಗೆ ಗ್ರಾಮದ ಮುಖಂಡರೂ ಭೂಮಾಲೀಕರೂ ದಾರಿತೋರುವುದು ಅವಶ್ಯಕ.

ಹಣವು ಬಾರದಿರುವುದು ಬೇರೆ, ಬೇರೆಡೆಗೆ ಹೋಗಿರುವುದು ಬೇರೆ. 2024ನೆಯ ಇಸವಿ ಜನವರಿ 1ರಿಂದ ಈ ಕೂಲಿಯನ್ನು ಆಧಾರ್ ಸಂಖ್ಯೆಯ ಮೂಲಕ ಪಾವತಿಮಾಡುವುದು ಕಡ್ಡಾಯವಾಯಿತು. ಈ ಕ್ರಮದಲ್ಲಿ ಹಣವು ಕೂಲಿಗಾರನು ಬರೆದುಕೊಟ್ಟ ಖಾತೆಗೇ ಹೋಗುವುದೆಂಬ ನಿಶ್ಚಯವಿಲ್ಲ. ಆಧಾರಿಗೆ ಕಟ್ಟಕಡೆಯಲ್ಲಿ ಜೋಡಿಸಲ್ಪಟ್ಟ ಖಾತೆಗೆ ಸೇರುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಕೂಲಿಯು ಬಿದ್ದಿರಬಹುದು.

ಆದುದರಿಂದ ಮೊದಲನೆಯದಾಗಿ, ಹಾಜರಿಪಟ್ಟಿಯಲ್ಲಿ ಹೆಸರಿರುವುದನ್ನು ಗ್ರಾಮ ಪಂಚಾಯತಿಯಲ್ಲಿ ನೋಡಿ, ಹಣ ವರ್ಗಾವಣೆಯ ಆದೇಶದ ಸಂಖ್ಯೆ, ತಾರೀಖುಗಳನ್ನು ಬರೆದುಕೊಳ್ಳತಕ್ಕದ್ದು. ಪಾವತಿಯು ತಿರಸ್ಕೃತವಾಗಿದ್ದರೆ ಅದರ ಕಾರಣವನ್ನು ಕೇಳಿ ತಿಳಿದು, ದೋಷವನ್ನು ತಿದ್ದಿಸಿ, ಪುನಃ ಪಾವತಿಗೆ ಕಳುಹಿಸುವಂತೆ ಕೋರತಕ್ಕದ್ದು.

ಎರಡನೆಯದಾಗಿ, ಆಧಾರಿಗೆ ಜೋಡಿಸಿರುವ ಬ್ಯಾಂಕು ಯಾವುದೆಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಪರೀಕ್ಷಿಸತಕ್ಕದ್ದು.

ಮೂರನೆಯದಾಗಿ, ಆ ಬ್ಯಾಂಕಿನಲ್ಲಿ ಪಾಸ್‌ಬುಕ್ಕನ್ನು ಭರ್ತಿಮಾಡಿಸತಕ್ಕದ್ದು. ಜಮೆ ಕಾಣದಿದ್ದರೆ, ಮೇಲ್ಕಂಡ ಸಂಖ್ಯೆ ತಾರೀಖುಗಳನ್ನು ನಮೂದಿಸಿ ಲಿಖಿತ ದೂರನ್ನು ಕೊಟ್ಟು, ನಕಲಿನ ಮೇಲೆ ಮೊಹರನ್ನೂ ರುಜುವನ್ನೂ ಪಡೆಯತಕ್ಕದ್ದು.

ಬ್ಯಾಂಕು 30 ದಿನಗಳೊಳಗೆ ಉತ್ತರ ಕೊಡದಿದ್ದರೆ, ಅಥವಾ ಉತ್ತರವು ಸಮರ್ಪಕವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆದುಕೊಳ್ಳಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ಬಾಯಿಮಾತಿನ ದೂರಿಗೆ ತಾರೀಖಿಲ್ಲ. ಮೊಹರು ಬಿದ್ದ ನಕಲಿಗೆ ತಾರೀಖುಂಟು. ಆ 30 ದಿನಗಳ ಎಣಿಕೆಯು ಅದರಿಂದಲೇ ಸಿದ್ಧವಾಗುವುದರಿಂದ, ನಕಲನ್ನು ಭದ್ರವಾಗಿ ಇಟ್ಟುಕೊಳ್ಳಬೇಕೆಂದು ಕೂಲಿಗಾರರಿಗೆ ತಿಳಿಯಹೇಳತಕ್ಕದ್ದು.