ನೀರೇ ಕಷ್ಟ, ರಾಗಿ ಸರಿ ಸಲೀಸು

ಸೆರೆಬ್ರಲ್ ಪಾಲ್ಸಿ ಇರುವ ಮೊಮ್ಮಗ ರಾಗಿ ಸರಿ ತಿನ್ನುತ್ತಾನೆ, ನೀರು ಕೊಟ್ಟರೆ ಮಾತ್ರ ಕೆಮ್ಮುತ್ತಾನೆ, ಇದೇನು ತಿರುಗುಮುರುಗು ಎಂದು ಓದುಗರೊಬ್ಬರು ಕೇಳಿದ್ದಾರೆ.

ಗಂಟಲೊಂದು ಲೆವೆಲ್ ಕ್ರಾಸಿಂಗ್. ಉಸಿರಿಗೂ ಊಟಕ್ಕೂ ಅದೇ ದಾರಿ. ನುಂಗುವಾಗ ಉಸಿರು ನಿಂತು, ಧ್ವನಿಪೆಟ್ಟಿಗೆ ಮೇಲೇರಿ, ಧ್ವನಿತಂತುಗಳು ಕೂಡಿಕೊಂಡು ಶ್ವಾಸನಾಳದ ಗೇಟು ಬೀಳಬೇಕು. ಎಲ್ಲ ಸೇರಿ ಸುಮಾರು ಒಂದು ಸೆಕೆಂಡಿನ ಕೆಲಸ. ಸರಿ ಗೂಡ್ಸ್ ಗಾಡಿ; ಗೇಟ್‌ಮನ್ ನಿಧಾನಸ್ಥನಾದರೂ ನಡೆಯುತ್ತದೆ. ನೀರು ಎಕ್ಸ್‌ಪ್ರೆಸ್. ಮಿದುಳಿನ ಆಜ್ಞೆ ಸ್ನಾಯುಗಳಿಗೆ ತಡವಾಗಿ ತಲುಪುವ ಮಗುವಿನಲ್ಲಿ ಗೇಟು ಬೀಳುವ ಮೊದಲೇ ನೀರು ಬಂದುಬಿಟ್ಟಿರುತ್ತದೆ. ಸಾರನ್ನ ಇನ್ನೂ ಪೇಚಿನದು: ಅಗುಳು ಬಾಯಲ್ಲಿರುವಾಗಲೇ ಸಾರು ಜಾರಿರುತ್ತದೆ.

ಕೆಮ್ಮು ಬಂದರೆ ವಾಸಿ. ಕೆಲವು ಮಕ್ಕಳಲ್ಲಿ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇಲಿಂದ ಮೇಲೆ ನ್ಯುಮೋನಿಯಾ ಆದಾಗಲೇ ಅನುಮಾನ. ಬೇರಿಯಂ ಬೆರೆಸಿದ ತುತ್ತು ಇಳಿಯುವುದನ್ನು ಎಕ್ಸ್‌ರೇ ವಿಡಿಯೊದಲ್ಲಿ ನೋಡುವ ಪರೀಕ್ಷೆಯನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಜೆರಿ ಲೋಗೆಮನ್ ಪ್ರಮುಖರು.

ಇಂಥ ಮಕ್ಕಳಿಗೆ ‘ಸ್ವಲ್ಪ ಗಟ್ಟಿ ಮಾಡಿ ಕೊಡಿ’ ಎನ್ನುತ್ತಾರೆ ವೈದ್ಯರು. ಎಷ್ಟು ಗಟ್ಟಿ? ಇದಕ್ಕೆ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ತಂಡ ಕೊಟ್ಟ ಉಪಾಯ ನನಗೆ ಬಲು ಇಷ್ಟ. 10 ಮಿ.ಲೀ. ಸಿರಿಂಜಿನ ತುದಿಗೆ ಬೆರಳೊತ್ತಿ, ಗಂಜಿ ತುಂಬಿ, 10 ಸೆಕೆಂಡು ಹರಿಯಬಿಡಿ. 1ರಿಂದ 4 ಮಿ.ಲೀ. ಉಳಿದರೆ ಒಂದನೇ ಹಂತ, 4ರಿಂದ 8 ಉಳಿದರೆ ಎರಡು, 8ಕ್ಕಿಂತ ಹೆಚ್ಚು ಉಳಿದರೆ ಮೂರು, ತೊಟ್ಟೂ ಬೀಳದಿದ್ದರೆ ನಾಲ್ಕು. ಸೊನ್ನೆಯಿಂದ 10ರ ಗೆರೆಗೆ 61.5 ಮಿ.ಮೀ. ಇರುವ ಸಿರಿಂಜೇ ಆಗಬೇಕು. ಎಂಜಲು ಚಮಚ ಬಟ್ಟಲಿಗೆ ಅದ್ದುತ್ತಿದ್ದರೆ ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಒಡೆದು ಗಂಜಿ ನೀರಾಗುತ್ತದೆ, ನೆನಪಿರಲಿ.

ಗಟ್ಟಿ ಮಾಡುವ ಸಿದ್ಧ ಸಾಮಗ್ರಿಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅಂಥದ್ದೊಂದನ್ನು ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಕೊಡಬೇಡಿ ಎಂದು ಅಮೆರಿಕದ ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತು. ಕರುಳಿಗೆ ಅಪಾಯದ ಶಂಕೆಯಿತ್ತು.

ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಹುಯ್ಯುವ ಅಜ್ಜಿಯರ ಪದ್ಧತಿ ಇಂಥ ಮಗುವಿಗೆ ಬೇಡವೇ ಬೇಡ. ಬೆನ್ನಿಗೆ ಆಸರೆ, ಪಾದದಡಿ ಮಣೆ, ಕತ್ತು ಹಿಂದಕ್ಕೆ ವಾಲದಂತೆ ಕೂರಿಸಿ. ಚಮಚ ಎದುರಿನಿಂದ, ಬಾಯಿಯ ಮಟ್ಟದಲ್ಲೇ ಬರಲಿ. ಒಂದು ತುತ್ತು ಇಳಿದ ಮೇಲೆ ಇನ್ನೊಂದು.

ಯಾವ ಹಂತ ಎಂಬುದನ್ನು ಮಾತ್ರ ಮನೆಯಲ್ಲೇ ತೀರ್ಮಾನಿಸಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆ ನೋಡುವವರಿದ್ದಾರೆ. ಹೋಗುವಾಗ ಮಗುವಿನ ಚಮಚ, ಲೋಟ, ಮನೆಯಲ್ಲಿ ಮಾಡಿದ ಸರಿ ಜೊತೆಗಿರಲಿ.